ದೀರ್ಘಾವಧಿ ಆರೈಕೆ ಕೇಂದ್ರಕ್ಕೆ ಹೊಸ ನರ್ಸಿಂಗ್ ಡೈರೆಕ್ಟರ್: ಮೊದಲು ಎಲ್ಲಿ ಕಣ್ಣಿಡಬೇಕು?

ಹೊಸಹುದ್ದೆ ಕೇಳಿದ್ದು:

ಆಸ್ಪತ್ರೆ ವಾರ್ಡ್ ನಡೆಸಿ ಗೊತ್ತು, ದೀರ್ಘಾವಧಿ ಆರೈಕೆ ಹೊಸದು. ಮುಂದಿನ ತಿಂಗಳು 60 ಹಾಸಿಗೆಯ ಕೇಂದ್ರವೊಂದಕ್ಕೆ ನರ್ಸಿಂಗ್ ಡೈರೆಕ್ಟರ್ ಆಗಿ ಸೇರಬೇಕು. ನಿವಾಸಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮರೆಗುಳಿ ಕಾಯಿಲೆ, ಹತ್ತು ಹನ್ನೆರಡು ಮಂದಿ ಹಾಸಿಗೆ ಹಿಡಿದವರು. ಪಾಲಿಸಿ ಫೈಲುಗಳೇ ಒಂದು ಕಪಾಟು ತುಂಬ ಇವೆ. ಮೊದಲ ಕೆಲವು ವಾರ ಏನು ನೋಡಬೇಕು, ಯಾವುದನ್ನು ಸದ್ಯಕ್ಕೆ ಮುಟ್ಟಬಾರದು? "ಸಿಬ್ಬಂದಿಯ ವಿಶ್ವಾಸ ಗಳಿಸಿ" ಅನ್ನುವಂಥ ಉತ್ತರ ಬೇಡ, ಕೈಗೆ ಸಿಗುವಂಥದ್ದು ಹೇಳಿ.

ಬೆಳಗಿನ ಸುತ್ತು:

ಕಪಾಟು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲ ವಾರವೇ ಹಾಸಿಗೆ ಹಿಡಿದವರೆಲ್ಲರ ಚರ್ಮವನ್ನು ನೀವೇ ನೋಡಿ. ಮೈ ಒರೆಸುವ ಹೊತ್ತಿಗೆ, ಆ ಪಾಳಿಯ ಸಹಾಯಕರ ಜೊತೆಗೇ ಹೋಗಿ. ಬೆನ್ನಿನ ತುದಿ, ಸೊಂಟದ ಎರಡೂ ಬದಿ, ಹಿಮ್ಮಡಿ ನೋಡಿ. ಆಕ್ಸಿಜನ್ ಟ್ಯೂಬ್ ಇದ್ದವರಲ್ಲಿ ಕಿವಿಯ ಹಿಂಭಾಗವನ್ನೂ ಬಿಡಬೇಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಮೊದಲ ಹಂತದ ಒತ್ತಡದ ಹುಣ್ಣು. ಕಪ್ಪು ಚರ್ಮದಲ್ಲಿ ಈ ಕೆಂಪು ಬಣ್ಣ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ಕೈಯಿಂದ ಮುಟ್ಟಿ ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯೇ, ತಣ್ಣಗಿದೆಯೇ, ಗಟ್ಟಿಯೇ, ಮೆತ್ತಗೆ ಜವುಗಿನಂತಿದೆಯೇ ಅಂತ. ಹುಣ್ಣು ತಡವಾಗಿ ಪತ್ತೆಯಾಗುವುದಕ್ಕೆ ಇದೂ ಒಂದು ಮುಖ್ಯ ಕಾರಣ.

ಆಮೇಲೆ ಮಗ್ಗುಲು ಬದಲಿಸುವ ಚಾರ್ಟ್ ತೆಗೆಯಿರಿ. 10, 12, 2, 4 ಅಂತ ಗಡಿಯಾರ ಮೀರದ ಸಮಯ, ಒಂದೇ ಪೆನ್ನು, ಒಂದೇ ಒತ್ತಿನ ಅಕ್ಷರ ಕಂಡರೆ ಅದು ಪಾಳಿ ಮುಗಿಯುವಾಗ ಕೂತು ತುಂಬಿದ್ದು. ಬೈಯಲು ಹೋಗಬೇಡಿ. ಒಬ್ಬ ಸಹಾಯಕರ ಪಾಲಿಗೆ ಎಷ್ಟು ನಿವಾಸಿಗಳಿದ್ದಾರೆ ಅಂತ ಎಣಿಸಿ, ಕಾರಣ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ದಿಂಬನ್ನು ಹಿಮ್ಮಡಿಯ ಕೆಳಗೆ ಇಟ್ಟರೆ ಪ್ರಯೋಜನವಿಲ್ಲ. ಮೀನಖಂಡದ ಉದ್ದಕ್ಕೂ ಇಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಬೇಕು. ತಲೆಯ ಕಡೆ 30 ಡಿಗ್ರಿಗಿಂತ ಹೆಚ್ಚು ಎತ್ತಿದರೆ ಮೈ ಜಾರುತ್ತದೆ, ಚರ್ಮ ಮಾತ್ರ ಹಾಸಿಗೆಗೆ ಅಂಟಿ ಒಳಗಿನ ಪದರ ಹರಿಯುತ್ತದೆ. ಊಟಕ್ಕೆ ಎತ್ತಲೇಬೇಕು, ಆದರೆ ಆಮೇಲೆ ಹಾಗೇ ಮರೆತುಬಿಡಬಾರದು. ಉಂಗುರದಂಥ ದಿಂಬುಗಳು ಎಲ್ಲಿದ್ದರೂ ತೆಗೆಸಿ, ಅಂಚಿನ ಸುತ್ತ ರಕ್ತ ಸಂಚಾರ ಕಟ್ಟುತ್ತದೆ. ಒತ್ತಡದ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಅಂಕ 6ರಿಂದ 23ರವರೆಗೆ ಇರುತ್ತದೆ, 18 ಅಥವಾ ಕಡಿಮೆ ಇದ್ದರೆ ಅಪಾಯ. ಒಟ್ಟು ಅಂಕ ಚೆನ್ನಾಗಿದ್ದರೂ ಅದರ ತೇವ ಅಥವಾ ಪೋಷಣೆಯ ಭಾಗದಲ್ಲಿ 1 ಇದ್ದವರನ್ನು ಬೇರೆ ಪಟ್ಟಿ ಮಾಡಿಕೊಳ್ಳಿ.

ತೂಕವನ್ನೂ ಜೊತೆಗೇ ನೋಡಿ. 30 ದಿನದಲ್ಲಿ ಶೇ. 5, ಅಥವಾ 180 ದಿನದಲ್ಲಿ ಶೇ. 10 ಇಳಿದಿದ್ದರೆ ಹುಣ್ಣು ಮಾಯುವುದು ಕಷ್ಟ. ಆದರೆ ಹೌಹಾರುವ ಮುನ್ನ ಗಾಲಿಕುರ್ಚಿ ಸಮೇತ ತೂಗಿದ್ದಾರೆಯೇ ಕೇಳಿ. ಕುರ್ಚಿ ಬದಲಾಗಿ ಕಳೆಯುವ ಸಂಖ್ಯೆ ಹಳೆಯದೇ ಇದ್ದರೆ ಮೂರ್ನಾಲ್ಕು ಕಿಲೋ ಸುಮ್ಮನೆ ಮಾಯವಾಗುತ್ತದೆ.

ರೋಸ್ಟರ್‌ರಾಯ:

ಮೇಲಿನದೆಲ್ಲ ಸರಿ, ಆದರೆ ರೋಸ್ಟರ್ (ಯಾರಿಗೆ ಯಾವ ಪಾಳಿ ಅನ್ನುವ ಪಟ್ಟಿ) ಅರ್ಥವಾಗದೆ ಮಗ್ಗುಲು ಬದಲಿಸುವ ಮಾತು ದಕ್ಕುವುದಿಲ್ಲ. ಹಗಲು ರಾತ್ರಿ ಒಬ್ಬರು ಇರಲೇಬೇಕಾದ ಒಂದು ಜಾಗಕ್ಕೆ ವಾರಕ್ಕೆ 168 ಗಂಟೆ ಬೇಕು. ವಾರಕ್ಕೆ 40 ಗಂಟೆ ಕೆಲಸ ಅಂದರೆ 4.2 ಮಂದಿ. ರಜೆ, ಕಾಯಿಲೆ, ತರಬೇತಿಗೆ ಶೇ. 15 ಬಿಟ್ಟರೆ ಹತ್ತಿರ ಹತ್ತಿರ 5 ಮಂದಿ. ಕಾಗದದಲ್ಲಿ ನಾಲ್ವರನ್ನು ತೋರಿಸಿ "ಭರ್ತಿಯಾಗಿದೆ" ಅನ್ನುವ ಕಡೆ ಪ್ರತಿ ವಾರಾಂತ್ಯವೂ ಯಾರಾದರೂ ಎರಡು ಪಾಳಿ ಒಟ್ಟಿಗೆ ಮಾಡುತ್ತಿರುತ್ತಾರೆ. ಆಡಳಿತದ ಮುಂದೆ ಈ ಲೆಕ್ಕವನ್ನೇ ಇಡಿ. "ಜನ ಸಾಲದು" ಅಂದರೆ ದೂರು ಅನ್ನಿಸಿಕೊಳ್ಳುತ್ತದೆ, ಲೆಕ್ಕಕ್ಕೆ ಉತ್ತರ ಕೊಡಲೇಬೇಕಾಗುತ್ತದೆ.

ಯಾರು ಬರದಿದ್ದರೂ ನೀವೇ ಔಷಧಿ ಟ್ರಾಲಿ ಹಿಡಿದು ಹೊರಡುವ ಅಭ್ಯಾಸ ಬೇಡ. ಒಮ್ಮೊಮ್ಮೆ ಅನಿವಾರ್ಯ. ಆದರೆ ಅದೇ ರೂಢಿಯಾದರೆ ಖಾಲಿ ಹುದ್ದೆ ಯಾರ ಕಣ್ಣಿಗೂ ಬೀಳುವುದಿಲ್ಲ, ಡೈರೆಕ್ಟರ್ ಕೆಲಸವೂ ನಡೆಯುವುದಿಲ್ಲ. ರಾತ್ರಿ ಪಾಳಿಗೆ ಹೇಳದೆ ಹೋಗಿ ನಿಲ್ಲುವುದೂ ಬೇಡ, ದಾಳಿ ಅನ್ನಿಸುತ್ತದೆ. ಹೇಳಿಯೇ ಹೋಗಿ, ಬೆಳಗಿನ ಪಾಳಿಗೆ ಕೆಲಸ ಒಪ್ಪಿಸುವ ಹ್ಯಾಂಡೋವರ್‌ವರೆಗೂ ಇರಿ.

ಕೀಲಿಕೈ:

"ಸದ್ಯಕ್ಕೆ ಮುಟ್ಟಬೇಡಿ" ಅನ್ನುವ ನಿಯಮಕ್ಕೆ ಔಷಧಿ ಕೋಣೆ ಹೊರತು. ಅಲ್ಲಿ ಮೊದಲ ದಿನವೇ ಕೈ ಹಾಕಿ.

ಮಾರ್ಫಿನ್‌ನಂಥ ನಿಯಂತ್ರಿತ ಔಷಧಿಯನ್ನು ಪ್ರತಿ ಪಾಳಿ ಬದಲಾದಾಗ ಹೋಗುವವರು, ಬರುವವರು ಇಬ್ಬರೂ ಒಟ್ಟಿಗೆ ಎಣಿಸಬೇಕು. ಒಬ್ಬರು ಪುಸ್ತಕದ ಸಂಖ್ಯೆ ಓದಿ ಇನ್ನೊಬ್ಬರು "ಸರಿ" ಅಂದರೆ ಅದು ಎಣಿಕೆಯಲ್ಲ. ಎಣಿಸುವವರು ಮೊದಲು ಸಂಖ್ಯೆ ಹೇಳಲಿ, ಆಮೇಲೆ ಪುಸ್ತಕ ತೆರೆಯಲಿ. ಮಾತ್ರೆ ಸ್ಟ್ರಿಪ್‌ನ ಹಿಂಬದಿಯ ಹಾಳೆ ಹರಿದು ಅಂಟಿಸಿದ್ದಾರೆಯೇ ತಿರುಗಿಸಿ ನೋಡಿ.

ಫ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ಸುಲಿನ್ ಹೆಪ್ಪುಗಟ್ಟಿದ್ದರೆ ಕರಗಿಸಿ ಬಳಸುವಂತಿಲ್ಲ, ಎಸೆಯಬೇಕು. ಬಹುತೇಕ ಇನ್ಸುಲಿನ್ ಬಾಟಲಿಗಳು ತೆರೆದ ಮೇಲೆ 28 ದಿನ ಅಷ್ಟೆ, ಆದರೆ ತೆರೆದ ದಿನಾಂಕ ಬರೆದಿರುವುದೇ ಅಪರೂಪ.

ಇನ್ನೊಂದು, ಮಾತ್ರೆ ಪುಡಿ ಮಾಡುವುದು. ನುಂಗಲಾಗದವರಿಗೆ ಎಲ್ಲವನ್ನೂ ಕುಟ್ಟಿ ಊಟಕ್ಕೆ ಬೆರೆಸುವ ರೂಢಿ ಇರುತ್ತದೆ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಪುಡಿಯಾದರೆ ಇಡೀ ದಿನದ ಡೋಸ್ ಒಮ್ಮೆಲೇ ಒಳಗೆ ಹೋಗುತ್ತದೆ. ಫಾರ್ಮಸಿಯಿಂದ "ಪುಡಿ ಮಾಡಬಾರದು" ಪಟ್ಟಿ ತರಿಸಿ ಟ್ರಾಲಿಗೇ ಅಂಟಿಸಿ, ದ್ರವರೂಪ ಸಿಗುತ್ತದೆಯೇ ಕೇಳಿ.

ಹೊಸಹುದ್ದೆ:

ಉಪಯೋಗವಾಯಿತು. ಬೀಳುವ ಪ್ರಕರಣಗಳು ಅಲ್ಲಿ ಜಾಸ್ತಿ ಅಂತ ಗೊತ್ತಾಗಿದೆ. ವಾರ್ಡ್‌ನಲ್ಲಾದರೆ ಡಾಕ್ಟರ್ ಪಕ್ಕದಲ್ಲೇ ಇರುತ್ತಿದ್ದರು, ಇಲ್ಲಿ ರಾತ್ರಿ ಫೋನ್ ಮಾತ್ರ.

ಬೆಳಗಿನ ಸುತ್ತು:

ಹಾಗಾದರೆ ಎರಡು ಕೆಲಸ. ಕಳೆದ ಮೂರು ತಿಂಗಳ ಘಟನಾ ವರದಿಗಳನ್ನು ಗಂಟೆ ಮತ್ತು ಜಾಗದ ಪ್ರಕಾರ ಗೀಟು ಹಾಕುತ್ತಾ ಹೋಗಿ. ಪಾಳಿ ಬದಲಾಗುವ ಹೊತ್ತಿಗೆ, ಇಲ್ಲವೇ ಬೆಳಗಿನ ಜಾವ ಬಚ್ಚಲಿಗೆ ಏಳುವ ಹೊತ್ತಿಗೆ ಗೀಟುಗಳು ಗುಂಪಾಗಿ ಕಂಡರೆ ಅಲಾರಂ ಕೊಳ್ಳುವ ಮೊದಲು ಬಚ್ಚಲಿಗೆ ಕರೆದೊಯ್ಯುವ ಸಮಯ ಬದಲಿಸಿ. ಬಿದ್ದವರ ರಕ್ತದೊತ್ತಡವನ್ನು ಮಲಗಿದ್ದಾಗ ಒಮ್ಮೆ, ಎದ್ದು ನಿಂತು 3 ನಿಮಿಷದೊಳಗೆ ಮತ್ತೊಮ್ಮೆ ನೋಡಿಸಿ. ಮೇಲಿನ ಸಂಖ್ಯೆ 20 ಅಥವಾ ಕೆಳಗಿನದು 10 ಇಳಿದರೆ ಔಷಧಿ ಪಟ್ಟಿಯನ್ನು ಡಾಕ್ಟರ ಮುಂದಿಡಬೇಕು. ಹಾಸಿಗೆಗೆ ಕಂಬಿ ಹಾಕುವುದು ಪರಿಹಾರವಲ್ಲ. ಮರೆಗುಳಿ ಇರುವವರು ಅದನ್ನು ಹತ್ತಿ ಇನ್ನೂ ಎತ್ತರದಿಂದ ಬೀಳುತ್ತಾರೆ, ಕಂಬಿಗೂ ಹಾಸಿಗೆಗೂ ನಡುವೆ ಸಿಕ್ಕಿಹಾಕಿಕೊಳ್ಳುವುದೂ ಉಂಟು.

ಎರಡನೆಯದು, ಬಿದ್ದ ತಕ್ಷಣದ ಕ್ರಮ. ಕತ್ತು, ಸೊಂಟ ಪರೀಕ್ಷಿಸದೆ ಎತ್ತಬಾರದು. ತಲೆಗೆ ಪೆಟ್ಟಾಗಿದ್ದರೆ, ಅಥವಾ ಬಿದ್ದದ್ದನ್ನು ಯಾರೂ ನೋಡಿರದಿದ್ದರೆ, ಪ್ರಜ್ಞೆ, ಕಣ್ಣಿನ ಪಾಪೆ, ಕೈಕಾಲಿನ ಬಲ ನೋಡುತ್ತಿರಬೇಕು: ಮೊದಲ 2 ಗಂಟೆ ಅರ್ಧ ಗಂಟೆಗೊಮ್ಮೆ, ಮುಂದಿನ 4 ಗಂಟೆ ತಾಸಿಗೊಮ್ಮೆ, ಆಮೇಲೆ 2 ಗಂಟೆಗೊಮ್ಮೆ. ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ ಬೆಳಗಾಗಲಿ ಅಂತ ಕಾಯುವಂತಿಲ್ಲ, ನೋಡಲು ಚೆನ್ನಾಗಿದ್ದರೂ ಆ ಕ್ಷಣವೇ ಡಾಕ್ಟರಿಗೆ ಫೋನ್ ಹೋಗಬೇಕು. ಆ ಔಷಧಿಯಲ್ಲಿರುವವರ ಹೆಸರಿನ ಪಟ್ಟಿ ರಾತ್ರಿ ಪಾಳಿಯ ಮೇಜಿನ ಮೇಲೇ ಇರಲಿ.