ಪದಚರ್ಚೆ: ನಾಯಿಯ ಶೋಲ್ಡರ್‌ಗೆ ಹೆಗಲು ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ನಾಯಿ ಸಾಕುವವರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮುಂಗಾಲಿನ ಆಪರೇಷನ್ ಭಾಗದಲ್ಲಿ ಶೋಲ್ಡರ್ ಜಾಯಿಂಟ್ ಹತ್ತಿರ ಬರವಣಿಗೆ ನಿಂತಿದೆ. ನಿಘಂಟಿನಲ್ಲಿ ಹೆಗಲು, ಭುಜ ಎರಡೂ ಇವೆ. ಆದರೆ ಬೇಸಾಯದ ಮನೆಯವರಿಗೆ ಪ್ರಾಣಿಯ ಹೆಗಲು ಅಂದರೆ ನೊಗ ಕೂರುವ ಜಾಗ. ಮುಟ್ಟಿ ತೋರಿಸಿ ಅಂದರೆ ಕೈ ಕತ್ತಿನ ಬುಡಕ್ಕೆ ಹೋಗುತ್ತದೆ. ನಾಯಿಯ ಈ ಕೀಲು ಅಲ್ಲಿಲ್ಲ. ಅದಕ್ಕಿಂತ ಕೆಳಗೆ, ಎದೆಯ ಮುಂದಿನ ಪಕ್ಕದಲ್ಲಿದೆ. ಭುಜ ಅಂದರೆ ಯಾಕೋ ನಾಯಿ ಗದೆ ಹಿಡಿದು ನಿಂತ ಹಾಗೆ ಕೇಳಿಸುತ್ತದೆ!

ಮೊಣಕೈಯದು ಇನ್ನೂ ಗೊಂದಲ. ಜನ ಮುಂಗಾಲಿನ ಮಂಡಿ ಅಂತ ತೋರಿಸುವುದು ನಿಜಕ್ಕೂ ಮಣಿಕಟ್ಟನ್ನು. ಮೊಣಕೈ ಅದಕ್ಕಿಂತ ಮೇಲೆ, ಎದೆಗೂಡಿಗೆ ಒತ್ತಿಕೊಂಡಿರುತ್ತದೆ. ಮಾಲೀಕರು ‘ಮಂಡಿ ನೋವು’ ಅಂದರೆ ಡಾಕ್ಟರು ಯಾವ ಕೀಲು ಅಂದುಕೊಳ್ಳಬೇಕು?

ನಾನು ಬರೆಯುತ್ತಿರುವ ಕಾಯಿಲೆ ಆಸ್ಟಿಯೋಕಾಂಡ್ರೈಟಿಸ್ ಡಿಸೆಕಾನ್ಸ್. ಗ್ರೇಟ್ ಡೇನ್, ಲ್ಯಾಬ್ರಡಾರ್‌ನಂಥ ದೊಡ್ಡ ತಳಿಯ ಮರಿಗಳಲ್ಲಿ, ಸಾಮಾನ್ಯವಾಗಿ 4ರಿಂದ 8 ತಿಂಗಳ ವಯಸ್ಸಿನಲ್ಲಿ ಕಾಣಿಸಿಕೊಳ್ಳುತ್ತದೆ. ಚುಟುಕಾಗಿ ಓಸಿಡಿ ಅನ್ನೋಣ ಅಂದರೆ ಓದುಗರು ಪದೇ ಪದೇ ಕೈ ತೊಳೆಯುವ ಕಾಯಿಲೆ ಅಂದುಕೊಳ್ಳುತ್ತಾರೆ. ನಾಯಿಯ ಈ ಕಾಯಿಲೆಯಲ್ಲಿ ತೋಳಿನ ಮೂಳೆಯ ತಲೆಯ (ಶೋಲ್ಡರ್ ಕೀಲಿನಲ್ಲಿ ಕೂರುವ ದುಂಡು ತುದಿ) ಹಿಂಭಾಗದಲ್ಲಿ ಮೃದ್ವಸ್ಥಿ, ಅಂದರೆ ಮೂಳೆತುದಿಯ ನುಣುಪು ಹೊದಿಕೆ, ಪದರವಾಗಿ ಬಿಟ್ಟುಕೊಂಡು ಏಳುತ್ತದೆ. ಮರಿ ಕುಂಟುತ್ತದೆ. ನೋವಿರುವ ಕಾಲು ನೆಲಕ್ಕೆ ತಾಗಿದಾಗ ತಲೆ ಎತ್ತುತ್ತದೆ. ಎರಡೂ ಕಡೆ ಇರುವುದುಂಟು. ಹಾಗಾಗಿ ಕುಂಟದ ಕಾಲಿನ ಎಕ್ಸ್‌ರೇ ಕೂಡ ತೆಗೆಯುತ್ತಾರೆ.

ಆಪರೇಷನ್‌ನಲ್ಲಿ ಕೀಲನ್ನು ತೆರೆದೋ, ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿಯೋ ಆ ಎದ್ದ ಚೂರನ್ನು ತೆಗೆಯುತ್ತಾರೆ. ಆಮೇಲೆ ಅಡಿಯ ಮೂಳೆಯಲ್ಲಿ ರಕ್ತ ಜಿನುಗುವವರೆಗೆ ಕ್ಯೂರೆಟ್ ಮಾಡುತ್ತಾರೆ, ಅಂದರೆ ಕೆರೆಯುತ್ತಾರೆ. ಆ ಗುಳಿಯಲ್ಲಿ ನಿಧಾನವಾಗಿ ನಾರಿನಂಥ ಮೃದ್ವಸ್ಥಿ ತುಂಬಿಕೊಳ್ಳುತ್ತದೆ. ಈ ಕೀಲಿನಲ್ಲಿ ಫಲಿತಾಂಶ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕ್ಯೂರೆಟ್‌ಗೆ ‘ಹೆರೆಯುವುದು’ ಹಾಕಿದ್ದೇನೆ. ತೆಂಗಿನಕಾಯಿ ಹೆರೆಯುವ ಕರಾವಳಿಯವರಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ತುರಿಯುವವರಿಗೆ?

ಸದ್ಯಕ್ಕೆ ‘ಮುಂಗಾಲಿನ ಮೇಲಿನ ಕೀಲು’ ಅಂತ ಬರೆದು ಪಕ್ಕದಲ್ಲಿ ಚಿತ್ರ ಹಾಕಿದ್ದೇನೆ. ಸ್ವಲ್ಪ ಉದ್ದವಾಯಿತು, ಆದರೆ ಬೆರಳು ಸರಿಯಾದ ಜಾಗಕ್ಕೆ ಹೋಗುತ್ತದೆ. ದನ, ಕುದುರೆ, ಕುರಿ ಸಾಕಿದ ಮನೆಯವರು ಇಲ್ಲಿದ್ದರೆ ಹೇಳಿ: ನಿಮ್ಮ ಕಡೆ ಈ ಕೀಲಿಗೆ ಬೇರೆ ಹೆಸರಿದೆಯೇ? ಕುರಿ ಕಡಿಯುವವರ ಮಾತಿನಲ್ಲಿದ್ದರೂ ಆಗುತ್ತದೆ.