ಆರ್ಕೆಸ್ಟ್ರಾ ದುಡ್ಡೆಲ್ಲ ನನ್ನ ಖಾತೆಗೇ ಬರುತ್ತದೆ, ಅಷ್ಟೂ ದುಡ್ಡಿಗೆ ನಾನೇ ತೆರಿಗೆ ಕಟ್ಟಬೇಕಾ?

ಹಾಸನದ_ಹಾಡುಗಾರ:
ಎಲ್ಲರಿಗೂ ನಮಸ್ಕಾರ. ನಾನು ಹದಿನಾಲ್ಕು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಹಾಡುತ್ತಿದ್ದೇನೆ, ಈಗ ನನ್ನದೇ ತಂಡ ಇದೆ. ಗಣೇಶನ ಹಬ್ಬಕ್ಕೆ ಶುರುವಾದರೆ ನವೆಂಬರ್ ಪೂರ್ತಿ ರಾಜ್ಯೋತ್ಸವ, ಆಮೇಲೆ ಜಾತ್ರೆ, ಆರತಕ್ಷತೆ. 2025-26ರಲ್ಲಿ ಒಟ್ಟು 14 ಲಕ್ಷ ಬಂತು. ಪ್ರೋಗ್ರಾಂ ಒಪ್ಪಿಕೊಳ್ಳುವುದು ನಾನು, ಹಾಗಾಗಿ ದುಡ್ಡೂ ನನ್ನ ಹೆಸರಿಗೇ. ಅದರಲ್ಲಿ 8.3 ಲಕ್ಷ ಕೀಬೋರ್ಡ್, ರಿದಂ ಪ್ಯಾಡ್, ಬೇಸ್ ಗಿಟಾರ್, ಜೊತೆಗೆ ಹಾಡುವ ಹೆಣ್ಣುಮಗಳು, ಸೌಂಡ್‌ನವರು, ಇವರಿಗೆಲ್ಲ ಹಂಚಿದ್ದೇನೆ. ಓಡಾಟ, ಬಟ್ಟೆ ಅಂತ 55 ಸಾವಿರ. 2025ರ ಮೇ ತಿಂಗಳಲ್ಲಿ 1.1 ಲಕ್ಷದ ಸೌಂಡ್ ಮಿಕ್ಸರ್ ತಗೊಂಡೆ.

ಕ್ಲಬ್, ಕಂಪನಿಯವರು ಕೊಟ್ಟ 6.2 ಲಕ್ಷಕ್ಕೆ 62 ಸಾವಿರ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದಿದ್ದಾರೆ. ಆದರೆ ನನ್ನ ಹೆಸರಲ್ಲಿ ಜಮಾ ಆದ ತೆರಿಗೆ ತೋರಿಸುವ 26ಎಎಸ್ ಪಟ್ಟಿಯಲ್ಲಿ 54 ಸಾವಿರ ಮಾತ್ರ ಕಾಣಿಸುತ್ತಿದೆ. ಒಬ್ಬ ಆಯೋಜಕರು 80 ಸಾವಿರಕ್ಕೆ ಮಾತಾಡಿ 72 ಸಾವಿರ ಹಾಕಿದ್ದರು, ಆ 8 ಸಾವಿರ ಎಲ್ಲೂ ಇಲ್ಲ. ಪರಿಚಯದವರೊಬ್ಬರು "ಆದಾಯ ತೆರಿಗೆಯ 44ಎಡಿಎ ಸೆಕ್ಷನ್‌ನಲ್ಲಿ ಅರ್ಧ ಆದಾಯ ಅಂತ ತೋರಿಸಿಬಿಡು, ಲೆಕ್ಕವೇ ಬೇಡ" ಅಂದರು. ಇನ್ನೊಬ್ಬರು "ಟಿಡಿಎಸ್ ಕಟ್ ಆಯ್ತಲ್ಲ, ಮುಗೀತು" ಅಂದರು. ರಾತ್ರಿಯೆಲ್ಲ ಗಂಟಲು ಹರಿದುಕೊಂಡು ದುಡಿದ ದುಡ್ಡು, ದಯವಿಟ್ಟು ಗೊತ್ತಿರುವವರು ಹೇಳಿ.

ಲೆಕ್ಕ_ನೋಡುವವ:
ಸರ್, ಮೊದಲು ಸಮಾಧಾನ ಮಾಡಿಕೊಳ್ಳಿ. ತುಮಕೂರಿನಲ್ಲಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ, ನಿಮ್ಮಂಥ ಕಲಾವಿದರ ಫೈಲು ಪ್ರತಿ ವರ್ಷ ಬರುತ್ತವೆ. ಟಿಡಿಎಸ್ ಅಂದರೆ ಮುಂಗಡವಾಗಿ ಹಿಡಿದ ದುಡ್ಡು ಅಷ್ಟೇ. ರಿಟರ್ನ್ ಹಾಕದಿದ್ದರೆ ಆ ದುಡ್ಡು ಸರ್ಕಾರದ ಹತ್ತಿರವೇ ಉಳಿಯುತ್ತದೆ.

44ಎಡಿಎ ಬಗ್ಗೆ ಹುಷಾರು. ಅದು ಡಾಕ್ಟರ್, ವಕೀಲ, ಎಂಜಿನಿಯರ್ ಥರದ ಹೆಸರಿಸಿದ ವೃತ್ತಿಗಳಿಗೆ ಮಾತ್ರ. ಪಟ್ಟಿಯಲ್ಲಿ ಸಿನಿಮಾ ಕಲಾವಿದರು ಇದ್ದಾರೆ, ಅದರೊಳಗೆ ಗಾಯಕರೂ ಬರುತ್ತಾರೆ ನಿಜ, ಆದರೆ ಅದು ಸಿನಿಮಾ ತಯಾರಿಕೆಯಲ್ಲಿ ಕೆಲಸ ಮಾಡುವವರಿಗೆ. ವೇದಿಕೆ ಮೇಲೆ ಸಿನಿಮಾ ಹಾಡು ಹಾಡಿದ ಮಾತ್ರಕ್ಕೆ ಸಿನಿಮಾ ಕಲಾವಿದ ಆಗುವುದಿಲ್ಲ. ಅಲ್ಲದೆ ಅದು ನಿಮಗೆ ಅನುಕೂಲವೂ ಅಲ್ಲ. 14 ಲಕ್ಷದಲ್ಲಿ ಅರ್ಧ ಅಂದರೆ 7 ಲಕ್ಷ. ನಿಮ್ಮ ಕೈಯಲ್ಲಿ ಉಳಿದದ್ದು ಅಷ್ಟಿಲ್ಲವಲ್ಲ, ಬೇರೆಯವರ ಸಂಭಾವನೆಯನ್ನ ನಿಮ್ಮ ಆದಾಯ ಅಂತ ಯಾಕೆ ತೋರಿಸಬೇಕು?

ಐಟಿಆರ್-3 ಅನ್ನುವ ರಿಟರ್ನ್ ಫಾರಂ ಹಾಕಿ, ನಿಜವಾದ ಲೆಕ್ಕ ಕೊಡಿ. 14 ಲಕ್ಷದಲ್ಲಿ 8.3 ಕಳೆದರೆ 5.7. ಓಡಾಟ, ವೇದಿಕೆಗೆ ಮಾತ್ರ ಹಾಕುವ ಬಟ್ಟೆ 55 ಸಾವಿರ ಹೋಯಿತು. ಮಿಕ್ಸರ್ ಬೆಲೆಯನ್ನ ಒಂದೇ ಸಲ ಖರ್ಚು ಅಂತ ಬರೆಯುವ ಹಾಗಿಲ್ಲ, ಸವಕಳಿ ಅಂತ 15% ಅಂದರೆ 16,500. ಉಳಿಯುವುದು 4,98,500. ಹೊಸ ತೆರಿಗೆ ಪದ್ಧತಿಯಲ್ಲಿ ಖರ್ಚು ಕಳೆಯುವ ಹಾಗೇ ಇಲ್ಲ ಅಂತ ತುಂಬಾ ಜನ ತಿಳಿದಿದ್ದಾರೆ, ಅದು ತಪ್ಪು. ಹೋಗಿರುವುದು ಉಳಿತಾಯಕ್ಕೆ ಸಿಗುತ್ತಿದ್ದ 80ಸಿ ಥರದ ಕಡಿತ, ಕಸುಬಿನ ಖರ್ಚು ಹಾಗೇ ಇದೆ. ಆದರೆ ಸಂಬಳದವರಿಗೆ ಸಿಗುವ 75 ಸಾವಿರದ ಕಡಿತ ನಿಮಗಿಲ್ಲ. 4 ಲಕ್ಷದವರೆಗೆ ತೆರಿಗೆ ಇಲ್ಲ, ಅದರ ಮೇಲೆ ನಿಮ್ಮಲ್ಲಿ ಉಳಿದದ್ದಕ್ಕೆ 5%, ಅದೂ 12 ಲಕ್ಷದೊಳಗಿನ ಆದಾಯಕ್ಕೆ ಸಿಗುವ ರಿಯಾಯಿತಿಯಲ್ಲಿ ಸೊನ್ನೆ ಆಗುತ್ತದೆ. 26ಎಎಸ್‌ನಲ್ಲಿ ಕಾಣಿಸುವ ಟಿಡಿಎಸ್ ಪೂರ್ತಿ ವಾಪಸ್ ಬರಬೇಕು.

ಒಂದು ಮಾತು, ಮದುವೆ ಮನೆಯವರು ಕೊಟ್ಟ ನಗದನ್ನೂ ಸೇರಿಸಲೇಬೇಕು. ಅವರು ಟಿಡಿಎಸ್ ಹಿಡಿಯುವುದಿಲ್ಲ, ಹಾಗಂತ ಅದು ಆದಾಯ ಅಲ್ಲ ಅಂತಲ್ಲ.

ಹಾಸನದ_ಹಾಡುಗಾರ:
ತುಂಬಾ ಧನ್ಯವಾದ ಸರ್, ಎದೆ ಹಗುರ ಆಯಿತು. ಆ 8 ಸಾವಿರದ ಕಥೆ ಏನು? ಹುಡುಗರಿಗೆ ಕೊಟ್ಟದ್ದಕ್ಕೆ ರಸೀದಿಯೂ ಇಲ್ಲ, ಅರ್ಧ ಫೋನ್‌ಪೇ, ಅರ್ಧ ಕೈಗೆ.

ಲೆಕ್ಕ_ನೋಡುವವ:
ಆಯೋಜಕರ ಹತ್ತಿರ ಫಾರಂ 16ಎ, ಅಂದರೆ ಟಿಡಿಎಸ್ ಪ್ರಮಾಣಪತ್ರ ಕೇಳಿ, ಫೋನಿನಲ್ಲಲ್ಲ, ಬರಹದಲ್ಲಿ. ಅವರು ಹಿಡಿದೂ ಸರ್ಕಾರಕ್ಕೆ ಕಟ್ಟಿಲ್ಲದಿದ್ದರೆ ಅದೇ ತೆರಿಗೆಯನ್ನ ನಿಮ್ಮಿಂದ ಮತ್ತೆ ವಸೂಲಿ ಮಾಡುವ ಹಾಗಿಲ್ಲ, 2025-26ಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 205ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ಹಿಡಿದಿದ್ದಾರೆ ಅನ್ನೋದಕ್ಕೆ ನಿಮ್ಮಲ್ಲಿ ಪುರಾವೆ ಬೇಕು. 80 ಸಾವಿರದ ಬಿಲ್ಲು, 72 ಸಾವಿರ ಬಂದ ಪಾಸ್‌ಬುಕ್ ಸಾಲು, ವಾಟ್ಸಾಪ್ ಮಾತುಕತೆ ಎಲ್ಲ ಎತ್ತಿಡಿ. ಆದಾಯದಲ್ಲಿ 80 ಸಾವಿರವನ್ನೇ ತೋರಿಸಿ, 72 ಅಲ್ಲ.

ಹುಡುಗರ ಪಾವತಿಗೆ ಇವತ್ತಿನಿಂದಲೇ ಒಂದು ನೋಟ್‌ಬುಕ್ ಮಾಡಿ. ತಾರೀಕು, ಊರು, ಯಾರಿಗೆ ಎಷ್ಟು, ಸಹಿ, ಪ್ಯಾನ್. ಒಬ್ಬರಿಗೆ ಒಂದು ದಿನಕ್ಕೆ 10 ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ಖರ್ಚನ್ನ ಒಪ್ಪುವುದಿಲ್ಲ, ಅದು ನೆನಪಿರಲಿ.

ಪ್ಯಾಡ್_ಹುಡುಗ:
ಅಣ್ಣ, ನಾನು ರಿದಂ ಪ್ಯಾಡ್ ನುಡಿಸುವವನು, ಆ ಕಡೆಯಿಂದ ಹೇಳುತ್ತೇನೆ. ನಮ್ಮ ಲೀಡರ್ ಪ್ಯಾನ್ ಕೇಳಿದಾಗ ನನಗೂ ಭಯ ಆಗಿತ್ತು, ಎಲ್ಲಿ ನೋಟಿಸ್ ಬರುತ್ತೋ ಅಂತ. ವರ್ಷಕ್ಕೆ ನನ್ನದು 3.1 ಲಕ್ಷ ಆಗುತ್ತದೆ, ತೆರಿಗೆಯೇ ಬರುವುದಿಲ್ಲ. ಆದರೂ ರಿಟರ್ನ್ ಹಾಕಿದೆ. ಮೂರು ವರ್ಷದ ರಿಟರ್ನ್ ಇಟ್ಟುಕೊಂಡು ಹೋದಾಗ ಬ್ಯಾಂಕಿನಲ್ಲಿ ಗಾಡಿ ಸಾಲ ಸಿಕ್ಕಿತು, ಅದಕ್ಕೆ ಮುಂಚೆ "ಸಂಬಳದ ಚೀಟಿ ಇಲ್ಲ" ಅಂತ ಎರಡು ಸಲ ವಾಪಸ್ ಕಳಿಸಿದ್ದರು. ನಿಮ್ಮ ಹುಡುಗರಿಗೂ ಇದನ್ನ ಹೇಳಿ, ಅವರೇ ಬಂದು ಸಹಿ ಹಾಕುತ್ತಾರೆ.

ಬಡಗುತಿಟ್ಟು_ವೇಷ:
ನಾನು ಯಕ್ಷಗಾನದವನು, ಮಳೆಗಾಲದಲ್ಲಿ ಬಿಡಿ ಆಟಕ್ಕೆ ಹೋಗುತ್ತೇನೆ. ಜಾನಪದ, ಶಾಸ್ತ್ರೀಯ ಕಲೆಗೆ 1.5 ಲಕ್ಷದವರೆಗೆ ತೆರಿಗೆ ಇಲ್ಲವಂತೆ, ಹೌದಾ?

ಲೆಕ್ಕ_ನೋಡುವವ:
ಅದು ಜಿಎಸ್‌ಟಿಯಲ್ಲಿ, ಒಂದು ಪ್ರದರ್ಶನದ ಸಂಭಾವನೆಗೆ. ಆದಾಯ ತೆರಿಗೆಗೆ ಸಂಬಂಧ ಇಲ್ಲ, ನಿಮ್ಮ ಸಂಭಾವನೆ ಅಲ್ಲಿ ಲೆಕ್ಕಕ್ಕೆ ಬಂದೇ ಬರುತ್ತದೆ. ಹಾಸನದ ಸರ್‌ಗೆ ಆ ವಿನಾಯಿತಿ ಸಿಗುವುದಿಲ್ಲ, ಸಿನಿಮಾ ಹಾಡು ಜಾನಪದವೂ ಅಲ್ಲ, ಶಾಸ್ತ್ರೀಯವೂ ಅಲ್ಲ. ಆದರೆ ಅವರ ಒಟ್ಟು ವಹಿವಾಟು 20 ಲಕ್ಷದ ಒಳಗಿದೆ, ಹಾಗಾಗಿ ಜಿಎಸ್‌ಟಿ ನೋಂದಣಿ ಸದ್ಯಕ್ಕೆ ಬೇಕಾಗಿಲ್ಲ.

ಹಾಸನದ_ಹಾಡುಗಾರ:
ನೋಟ್‌ಬುಕ್ ತಂದೆ. ಶನಿವಾರ ಅರಸೀಕೆರೆ ಹತ್ತಿರ ಪ್ರೋಗ್ರಾಂ ಇದೆ, ಅಲ್ಲಿಂದಲೇ ಸಹಿ ಶುರು ಮಾಡುತ್ತೇನೆ. 16ಎ ಬಂದರೆ ಇಲ್ಲೇ ತಿಳಿಸುತ್ತೇನೆ.