ಅಪ್‌ಡೇಟ್: ಮಳೆಮಾಪಕದಲ್ಲಿ ‘ಎಂ’ ಅಕ್ಷರ ಮೂಡಿತು

ಆಗುಂಬೆಯ ನಮ್ಮ ಮನೆಯ ಮಳೆಮಾಪಕಕ್ಕೆ ಏಳು ಸೆಗ್ಮೆಂಟಿನ (ಬೆಳಗುವ ಪುಟ್ಟ ಗೆರೆಗಳ) ಎಲ್‌ಇಡಿಯಲ್ಲಿ ಇಂಗ್ಲಿಷಿನ ‘ಎಂ’ ಮೂಡಿಸುವುದು ಹೇಗೆಂದು ಹಿಂದೆ ನಿಮ್ಮನ್ನು ಕೇಳಿದ್ದೆ. ಓರೆಗೆರೆಗಳಿಲ್ಲದ ಅದರಲ್ಲಿ ಎಂ, ಡಬ್ಲ್ಯು, ಕೆ ನೆಟ್ಟಗೆ ಬರುವುದಿಲ್ಲ ಎಂದಿರಿ, ನಿಜ.

ಈಗ ಹದಿನಾಲ್ಕು ಸೆಗ್ಮೆಂಟಿನದನ್ನು ಎಚ್‌ಟಿ16ಕೆ33 ಎಂಬ, ಎಲ್ಇಡಿಗಳನ್ನು ನಿಯಂತ್ರಿಸುವ ಚಿಪ್ಪಿನೊಂದಿಗೆ ಕೂರಿಸಿದ್ದೇನೆ. ಪ್ರತಿ ಅಕ್ಷರಕ್ಕೆ 16 ಬಿಟ್: ಸೆಗ್ಮೆಂಟಿಗೊಂದೊಂದು, ಚುಕ್ಕೆಗೊಂದು, ಉಳಿದೊಂದು ಖಾಲಿ. ಎಂ ಎಂದರೆ ಎರಡೂ ಬದಿಯ ನಾಲ್ಕು ನಿಲುಗೆರೆ, ಮೇಲಿನ ಎರಡು ಓರೆಗೆರೆ. ಮೇಲಿನ ಓರೆಗೆರೆಗಳನ್ನು ನಂದಿಸಿ ಕೆಳಗಿನ ಎರಡು ಓರೆಗೆರೆಗಳನ್ನು ಬೆಳಗಿಸಿದರೆ ಅದೇ ಡಬ್ಲ್ಯು! ಎಷ್ಟು ಚೆಂದದ ಲೆಕ್ಕ.

ಆಸ್ಕಿ (ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ಕಂಪ್ಯೂಟರ್ ಸಂಕೇತ) ಕ್ರಮದ ಕಾಣಿಸುವ 95 ಅಕ್ಷರಗಳಿಗೆ ಯಾವ ಗೆರೆ ಬೆಳಗಬೇಕೆಂಬ ಪಟ್ಟಿಗೆ, ತಲಾ ಎರಡು ಬೈಟಿನಂತೆ (16 ಬಿಟ್), 190 ಬೈಟ್ ಸಾಕು. ಇದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡಾದ ಆರ್ಡುಯಿನೊ ಊನೊ ಆರ್3ರ ರ‍್ಯಾಮ್ 2 ಕೆಬಿ ಮಾತ್ರ, ಹಾಗಾಗಿ ಪಟ್ಟಿಯನ್ನು ಪ್ರೋಗ್ರಾಮ್ ಇರುವ ಶಾಶ್ವತ ಸಂಗ್ರಹವಾದ ಫ್ಲ್ಯಾಶ್‌ನಲ್ಲೇ ಇಟ್ಟೆ. ಸೊನ್ನೆಯು ‘ಓ’ ಆಗಿ ಕಾಣದಂತೆ ಅದರೊಳಗೆ ಓರೆಗೆರೆ ಎಳೆದಿದ್ದೇನೆ.

ದಾರಿ ತೋರಿದ ಎಲ್ಲರಿಗೂ ಕೃತಜ್ಞತೆಗಳು. ಪಟ್ಟಿ ಬೇಕಾದವರು ಕೇಳಿ, ಕಳುಹಿಸುತ್ತೇನೆ.